ಜಗಲಿಯಿಲ್ಲದ ಆಪ್ತತೆ: ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಪರಿಸರದ ಸ್ವಂತ ಬರಹಗಳು

ಕನ್ನಡ ವಿಮರ್ಶೆಯು ಆಪ್ತ ಬರಹವನ್ನು ಬಹುಮಟ್ಟಿಗೆ ಲಲಿತ ಪ್ರಬಂಧ, ಆತ್ಮಕಥೆ, ದಿನಚರಿ ಮತ್ತು ಪತ್ರಸಾಹಿತ್ಯ ಎಂಬ ವಿಭಾಗಗಳಲ್ಲಿ ಇರಿಸಿ ನೋಡುತ್ತ ಬಂದಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಹಳ್ಳಿಯ ಚಿತ್ರಗಳು’, ಎ.ಎನ್. ಮೂರ್ತಿರಾವ್ ಅವರ ‘ಹಗಲುಗನಸುಗಳು’ ಮೊದಲಾದ ಕೃತಿಗಳ ಓದಿನಿಂದ ರೂಪುಗೊಂಡ ಈ ವಿಂಗಡಣೆಯ ಹಿಂದೆ ಬಾಯಿಬಿಟ್ಟು ಹೇಳದ ಒಂದು ಗೃಹೀತವಿದೆ. ಬರೆಯುವವರಿಗೆ ಕುಳಿತುಕೊಳ್ಳಲು ಒಂದು ಜಗಲಿ ಇರುತ್ತದೆ. ಎದುರಿಗೆ ಕೇಳುವವರು ಇರುತ್ತಾರೆ. ಇಬ್ಬರಿಗೂ ಗೊತ್ತಿರುವ ಊರು, ಕೇರಿ, ಬಂಧುಬಳಗ, ಗಾದೆಮಾತು ಇರುತ್ತವೆ. ಅಂದರೆ ಆಪ್ತತೆ ಬರಹಕ್ಕಿಂತ ಮೊದಲೇ ಅಸ್ತಿತ್ವದಲ್ಲಿದ್ದು, ಬರಹವು ಅದನ್ನು ದಾಖಲಿಸುವ ಕೆಲಸವನ್ನಷ್ಟೇ ಮಾಡುತ್ತದೆ ಎಂಬ ನಂಬಿಕೆ ಇದು. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಲು ಕರ್ನಾಟಕದಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ಅಲ್ಲಿ ನೆಲ, ಮನೆ, ದೀಪ, ನೀರು ಎಲ್ಲವೂ ಕಂಪನಿಯದಾಗಿದ್ದವು. ಬಂದವರು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಭಾಷೆಗಳನ್ನು ಹೊತ್ತು ಬಂದವರು. ಅಲ್ಲಿ ಆಪ್ತತೆಯು ಬರಹಕ್ಕೆ ಮೊದಲು ಇರಲಿಲ್ಲ. ಬರಹವೇ ಅದನ್ನು ಉಂಟುಮಾಡಬೇಕಾಗಿತ್ತು.

ಗಣಿಯ ಚರಿತ್ರೆ ಸಾಕಷ್ಟು ಪರಿಚಿತವಾದುದು. 1870ರ ದಶಕದಲ್ಲಿ ಲವೆಲ್ ಎಂಬ ಮಾಜಿ ಸೈನಿಕನು ಪಡೆದ ಪರವಾನಗಿ, 1880ರಿಂದ ಜಾನ್ ಟೇಲರ್ ಸಂಸ್ಥೆಯ ಪ್ರವೇಶ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, 1956ರಲ್ಲಿ ಮೈಸೂರು ಸರ್ಕಾರದ ಸ್ವಾಧೀನ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹಸ್ತಾಂತರ, ಕೊನೆಗೆ 2001ರ ಫೆಬ್ರವರಿ 28ರಂದು ಮುಚ್ಚುಗಡೆ ಇವು ಅದರ ಮೈಲಿಗಲ್ಲುಗಳು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಕೆಲಸಕ್ಕೆ ಬಂದವರಲ್ಲಿ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ತಮಿಳು ಮತ್ತು ತೆಲುಗು ಭಾಷಿಕರು, ಅದರಲ್ಲಿಯೂ ದಲಿತರು ಬಹುಸಂಖ್ಯಾತರು. ಮೇಲ್ವಿಚಾರಣೆಯ ಸ್ತರದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು, ಇಟಲಿಯವರು, ಆಂಗ್ಲೋ-ಇಂಡಿಯನ್ನರು ಇದ್ದರು. ರೈಲಿನಲ್ಲಿ ಬರುವ ಯಾರಾದರೂ ಬಂಗಾರಪೇಟೆಯಲ್ಲಿ ಇಳಿದೋ ಹಾದೋ ಬರಬೇಕಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆ ಎಂದು ಕರೆಯಿಸಿಕೊಂಡಿದ್ದ ಈ ಊರು, ಬೆಂಗಳೂರು–ಜೋಲಾರಪೇಟೆ ಮಾರ್ಗದಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ಜಂಕ್ಷನ್. ಹೆಸರೇ ಬಂಗಾರವನ್ನು ಸೂಚಿಸುವಂತೆ ಬದಲಾದದ್ದು ಸಾಂಸ್ಕೃತಿಕ ಅಧ್ಯಯನಕಾರರಿಗೆ ಒಂದು ಸ್ವಾರಸ್ಯದ ವಿಷಯವೇ ಸರಿ.

ಈ ಜಿಲ್ಲೆಯ ನೆಲದಿಂದಲೇ ಕನ್ನಡದ ಎರಡು ದೊಡ್ಡ ಸ್ಮೃತಿಸಾಹಿತ್ಯಗಳು ಹುಟ್ಟಿದವು ಎಂಬುದನ್ನು ಇಲ್ಲಿ ನೆನೆಯಬೇಕು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳು ಒಂದು, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಭಾವ’ದ ಮೂರು ಸಂಪುಟಗಳು ಇನ್ನೊಂದು. ಸ್ವಭಾವದಲ್ಲಿ ಇವೆರಡೂ ಭಿನ್ನವಾದವು. ಡಿವಿಜಿಯವರ ನೆನಪು ಇತರರ ಮುಖಗಳನ್ನು ಬಿಡಿಸುತ್ತದೆ, ತನ್ನನ್ನು ಹಿಂದಕ್ಕೆ ಸರಿಸಿಕೊಳ್ಳುತ್ತದೆ. ಮಾಸ್ತಿಯವರದು ಸ್ವಂತ ಮನೆತನದ, ಬಾಲ್ಯದ, ವೃತ್ತಿಯ ಕಥೆಯನ್ನು ಸಾವಧಾನವಾಗಿ ಹೇಳಿಕೊಳ್ಳುವ ದನಿ. ಆದರೂ ಇಬ್ಬರಲ್ಲಿಯೂ ಒಂದು ನೆಮ್ಮದಿ ಸಮಾನವಾಗಿದೆ: ಓದುಗ ಎದುರಿಗಿದ್ದಾನೆ, ಅವನು ನಮ್ಮವನು ಎಂಬ ನೆಮ್ಮದಿ. ಆ ಓದುಗನಿಗೆ ಪರಿಚಯ ಹೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ.

ಮಾಸ್ತಿಯವರು 1944ರಿಂದ 1965ರವರೆಗೆ ನಡೆಸಿದ ‘ಜೀವನ’ ಮಾಸಪತ್ರಿಕೆಯನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕಾಗಿದೆ. ಅದು ಬಹು ಲೇಖಕರ ಪತ್ರಿಕೆಯಾಗಿದ್ದರೂ ಅದರ ಸಂಪಾದಕೀಯಗಳಲ್ಲಿ ಒಬ್ಬ ವ್ಯಕ್ತಿಯ ದನಿ ತಿಂಗಳು ತಿಂಗಳಿಗೂ ಕೇಳುತ್ತಿತ್ತು. ದೇಶದ ಸಂಗತಿ, ಪುಸ್ತಕದ ಸಂಗತಿ, ಮಿತ್ರರೊಬ್ಬರ ಮರಣ ಎಲ್ಲವನ್ನೂ ಒಂದೇ ಸಮಾಧಾನದ ಮಾತಿನಲ್ಲಿ ಹೇಳುವ ಬಗೆ ಅಲ್ಲಿಯದು. ವ್ಯಕ್ತಿಯೊಬ್ಬನು ನಿಯತವಾಗಿ, ತನ್ನದೇ ಹೊಣೆಯ ಮೇಲೆ, ತನ್ನ ಮನಸ್ಸನ್ನು ಒಂದು ಓದುಗ ಬಳಗದ ಎದುರು ತೆರೆದಿಡುವ ಕ್ರಮಕ್ಕೆ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾದರಿಗಳು ಕಡಮೆ. ಈ ಮಾದರಿಯನ್ನು ಕನ್ನಡ ವಿಮರ್ಶೆ ಗೌರವದಿಂದ ಕಂಡಿದೆ. ಆದರೆ ಮಾಸ್ತಿಯವರ ಹುಟ್ಟೂರಿಗೆ ಸಮೀಪದಲ್ಲಿಯೇ, ‘ಜೀವನ’ಕ್ಕೆ ಸುಮಾರು ಎರಡು ದಶಕ ಮೊದಲು, ಇನ್ನೊಂದು ಪತ್ರಿಕೆಯು ಇದೇ ಕೆಲಸವನ್ನು ತೀರ ಬೇರೆ ಸ್ಥಿತಿಯಲ್ಲಿ ಮಾಡುತ್ತಿತ್ತು ಎಂಬುದು ಕನ್ನಡದ ಸಾಹಿತ್ಯ ಚರಿತ್ರೆಗಳಲ್ಲಿ ಕಾಣಿಸುವುದಿಲ್ಲ. ಕಾರಣ ಸರಳ: ಅದು ತಮಿಳಿನಲ್ಲಿತ್ತು.

ಪಂಡಿತ ಅಯೋತಿದಾಸರು 1907ರ ಜೂನ್ 19ರಂದು ಮದರಾಸಿನ ರಾಯಪೇಟೆಯಿಂದ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಒಂದು ವರ್ಷದ ತರುವಾಯ ಅದರ ಹೆಸರು ‘ತಮಿಳನ್’ ಎಂದಾಯಿತು. ಸಿದ್ಧವೈದ್ಯರೂ ತಮಿಳು ವಿದ್ವಾಂಸರೂ ಆಗಿದ್ದ ಅಯೋತಿದಾಸರು 1898ರಲ್ಲಿ ಶಾಕ್ಯ ಬೌದ್ಧ ಸಂಘವನ್ನು ಕಟ್ಟಿದವರು. ಅಸ್ಪೃಶ್ಯರೆನ್ನಿಸಿಕೊಂಡವರು ಮೂಲತಃ ಬೌದ್ಧರು ಎಂದು ಪ್ರತಿಪಾದಿಸಿದವರು. ಅವರ ಸಂಘದ ಬಹುಮುಖ್ಯ ಶಾಖೆಗಳಲ್ಲಿ ಒಂದು ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿತ್ತು. ರಂಗೂನು, ದಕ್ಷಿಣ ಆಫ್ರಿಕ ಮೊದಲಾದ ಕಡೆಗಳಲ್ಲಿಯೂ ಶಾಖೆಗಳಿದ್ದವು. 1914ರ ಮೇ 5ರಂದು ಅಯೋತಿದಾಸರು ತೀರಿಕೊಂಡ ಮೇಲೆ ಕ್ರಮೇಣ ನಿಂತುಹೋಗಿದ್ದ ಪತ್ರಿಕೆಯು 1926ರಲ್ಲಿ ಮತ್ತೆ ಹೊರಟಿತು. ಈ ಬಾರಿ ಅದರ ಸ್ಥಳ ಮದರಾಸಲ್ಲ, ಕೋಲಾರದ ಚಿನ್ನದ ಗಣಿ, ಸಂಪಾದಕರು ಜಿ. ಅಪ್ಪಾದುರೈಯವರು. 1930ರ ದಶಕದ ನಡುಭಾಗದವರೆಗೆ ಅದು ನಡೆಯಿತು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಶಾಲೆಯು ಅಯೋತಿದಾಸರ ಬರಹಗಳನ್ನು ಕಿರುಹೊತ್ತಗೆಗಳಾಗಿ ಅಚ್ಚು ಮಾಡಿ ಹಂಚಿತು.

ಪತ್ರಿಕೆಯ ಹೆಸರಿನಲ್ಲಿಯೇ ಬೆಲೆ ಇದ್ದುದು ಅಲಂಕಾರಕ್ಕಲ್ಲ. ಒಂದು ಪೈಸೆ ಎಂದರೆ ಕಾಲಾಣೆ. ಓದುಗನು ಯಾರು ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ. ಆದರೆ ವಿಮರ್ಶೆಯ ಗಮನಕ್ಕೆ ಬರಬೇಕಾದುದು ಅದರ ಪುಟಗಳ ರಚನೆ. ಅಯೋತಿದಾಸರ ಇತಿಹಾಸ ಮತ್ತು ಧರ್ಮಸಂಬಂಧಿ ಧಾರಾವಾಹಿಗಳ ಪಕ್ಕದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಗಳಿದ್ದವು; ಬೌದ್ಧ ವಿಧಿಯಲ್ಲಿ ನಡೆದ ಮದುವೆ, ನಾಮಕರಣ, ಅಂತ್ಯಕ್ರಿಯೆಗಳ ವರದಿಗಳಿದ್ದವು; ಶಾಖೆಗಳ ಸಭೆಗಳ ಸುದ್ದಿಗಳಿದ್ದವು. ಇವುಗಳನ್ನು ಚಳವಳಿಯ ಪ್ರಚಾರಸಾಮಗ್ರಿ ಎಂದು ಸಮಾಜವಿಜ್ಞಾನಿಗಳು ಓದಿದ್ದಾರೆ. ಜಿ. ಅಲೋಷಿಯಸ್ ಅವರ 1998ರ ಅಧ್ಯಯನವು ಈ ತಮಿಳು ಬೌದ್ಧ ಚಳವಳಿಯನ್ನು ವಿಮೋಚಕ ಅನನ್ಯತೆಯ ನಿರ್ಮಾಣವಾಗಿ ವಿವರಿಸುತ್ತದೆ. ಆ ವಿವರಣೆ ಸಮರ್ಪಕವಾದುದೇ. ಆದರೆ ಸಾಹಿತ್ಯದ ಕಡೆಯಿಂದ ನೋಡುವವರಿಗೆ ಅದರ ಜೊತೆಗೆ ಇನ್ನೊಂದು ಸಂಗತಿ ಕಾಣುತ್ತದೆ. ಹುಟ್ಟೂರಿನಲ್ಲಿ ಮದುವೆಯ ಸುದ್ದಿಯನ್ನು ಯಾರೂ ಬರೆದು ತಿಳಿಸಬೇಕಾಗಿಲ್ಲ. ಡೋಲಿನ ಸದ್ದೇ ತಿಳಿಸುತ್ತದೆ. ಗಣಿಯ ಲೈನಿನಲ್ಲಿ ಹೊಸ ವಿಧಿಯಲ್ಲಿ ನಡೆದ ಮದುವೆಗೆ ಸಾಕ್ಷಿಯಾಗಬೇಕಾದ ಬಂಧುಗಳು ಆರ್ಕಾಟಿನ ಹಳ್ಳಿಯಲ್ಲಿಯೋ ರಂಗೂನಿನಲ್ಲಿಯೋ ಇರುತ್ತಿದ್ದರು. ಕೆಲವರು ಹೊಸ ವಿಧಿಯನ್ನು ಒಪ್ಪದೆ ದೂರ ಉಳಿದಿದ್ದರೂ ಆಶ್ಚರ್ಯವಿಲ್ಲ. ಆ ಸಾಕ್ಷಿಯ ಸ್ಥಾನವನ್ನು ಪತ್ರಿಕೆಯ ನಾಲ್ಕು ಸಾಲು ತುಂಬಿತು. ಮುಖ ನೋಡದ ಓದುಗನು ನೆಂಟನ ಜಾಗದಲ್ಲಿ ಕುಳಿತನು. ಲಲಿತ ಪ್ರಬಂಧದ ಜಗಲಿಗೆ ಬದಲಾಗಿ ಇಲ್ಲಿ ಅಚ್ಚಾದ ಪುಟವೇ ಜಗಲಿಯಾಯಿತು.

ಇದೇ ಕಾಲದ ಇನ್ನೊಂದು ದಾಖಲೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಈ ನಾಲ್ಕು ಸಾಲುಗಳ ತೂಕ ತಿಳಿಯುತ್ತದೆ. 1930ರಲ್ಲಿ ಗಣಿ ಆಡಳಿತವು ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡುವ ವ್ಯವಸ್ಥೆಯನ್ನು ಜಾರಿಗೆ ತರಲು ಹೊರಟಿತು. ಅದಕ್ಕೆ ವಿರೋಧವಾಗಿ ಆ ವರ್ಷದ ಏಪ್ರಿಲ್‌ನಲ್ಲಿ ಸಾವಿರಾರು ಕಾರ್ಮಿಕರು ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತ ತಮ್ಮ 1998ರ ಗ್ರಂಥದಲ್ಲಿ ಈ ಮುಷ್ಕರವನ್ನು ವಿವರವಾಗಿ ಚರ್ಚಿಸಿದ್ದಾರೆ. ಕೂಲಿಯ ಬೇಡಿಕೆಗಿಂತ ಹೆಬ್ಬೆಟ್ಟಿನ ಗುರುತು ಅಷ್ಟು ಜನರನ್ನು ಒಟ್ಟಿಗೆ ಕೆರಳಿಸಿದ್ದೇಕೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಪೂರ್ಣ ಉತ್ತರ ದೊರೆಯದು. ಚಿನ್ನದ ಕಳವನ್ನು ತಡೆಯುವ ಹೆಸರಿನಲ್ಲಿ ಕಾರ್ಮಿಕನ ಮೈಯನ್ನು ಪಾಳಿ ಮುಗಿದಾಗ ತಡವಿ ನೋಡಲಾಗುತ್ತಿತ್ತು, ತಟ್ಟಿಯ ಗುಡಿಸಲನ್ನು ಶೋಧಿಸಲಾಗುತ್ತಿತ್ತು. ಮೈಯಾಗಲಿ ಮನೆಯಾಗಲಿ ಖಾಸಗಿಯಾಗಿ ಉಳಿಯದ ಕಡೆ ಹೆಬ್ಬೆರಳೂ ಕಂಪನಿಯ ಪುಸ್ತಕಕ್ಕೆ ಸೇರುವುದೆಂದರೆ ಉಳಿದಿದ್ದ ಅಲ್ಪವೂ ಹೋದಂತೆ. ಕಂಪನಿಯ ಪುಸ್ತಕ ಬೆರಳನ್ನು ಕೇಳಿತು. ಅದೇ ವರ್ಷಗಳಲ್ಲಿ ಅದೇ ನೆಲದಿಂದ ಹೊರಡುತ್ತಿದ್ದ ಪತ್ರಿಕೆ ಹೆಸರನ್ನು ಅಚ್ಚು ಮಾಡಿತು. ಪತ್ರಿಕೆ ಮುಷ್ಕರವನ್ನು ನಡೆಸಿತು ಎಂಬ ಅರ್ಥದಲ್ಲಿ ಈ ಮಾತನ್ನು ಗ್ರಹಿಸಬಾರದು. ಒಬ್ಬ ಮನುಷ್ಯನನ್ನು ದಾಖಲಿಸುವ ಎರಡು ವಿಧಾನಗಳು ಅಕ್ಕಪಕ್ಕದಲ್ಲಿದ್ದವು ಎಂಬುದಷ್ಟೇ ಇಲ್ಲಿಯ ವಿವಕ್ಷೆ. ಒಂದರಲ್ಲಿ ಅವನು ಗುರುತಿಸಲ್ಪಡುತ್ತಾನೆ, ಇನ್ನೊಂದರಲ್ಲಿ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತಾನೆ. ಕೆ.ಜಿ.ಎಫ್.ನ ಆಪ್ತ ಬರಹದ ಬೀಜ ಈ ವ್ಯತ್ಯಾಸದಲ್ಲಿದೆ.

ಹಾಗೆಂದು ‘ತಮಿಳನ್’ ಪತ್ರಿಕೆಯನ್ನು ಆಪ್ತತೆಯ ಆದರ್ಶವೆಂದು ಎತ್ತಿ ಹಿಡಿಯುವುದು ವಿಮರ್ಶೆಯಾಗದು. ಪ್ರಶ್ನೆ ಕೇಳುವವನಿಗೂ ಉತ್ತರ ಹೇಳುವವರಿಗೂ ನಡುವೆ ಶಿಷ್ಯ ಮತ್ತು ಗುರುವಿನ ಅಂತರವಿದೆ. ಪಂಡಿತರ ಉತ್ತರ ಕೊನೆಯ ಮಾತು. ಅದರ ಮೇಲೆ ಮತ್ತೆ ಮಾತು ಬೆಳೆಯುವುದು ಅಪರೂಪ. ಅಲ್ಲಿ ಮಾತನಾಡುವ ‘ನಾನು’ ಬಹುಮಟ್ಟಿಗೆ ‘ನಾವು’. ಬಡತನ, ಅವಮಾನಗಳು ಬರುತ್ತವೆ, ಆದರೆ ವಾದದ ಆಧಾರಗಳಾಗಿ ಬರುತ್ತವೆ. ಒಬ್ಬ ಕಾರ್ಮಿಕನಿಗೆ ರಾತ್ರಿಪಾಳಿ ಮುಗಿಸಿ ಬೆಳಕಿಗೆ ಬಂದಾಗ ಏನನ್ನಿಸುತ್ತಿತ್ತು, ಬಂಡೆ ಸಿಡಿದು ಸತ್ತವನ ಮಡದಿ ಲೈನಿನ ಮನೆಯನ್ನು ಬಿಟ್ಟು ಎಲ್ಲಿಗೆ ಹೋದಳು, ಕಲ್ಲುಧೂಳಿನಿಂದ ಎದೆ ಕಟ್ಟಿದವನು ಮಕ್ಕಳಿಗೆ ಏನು ಹೇಳಿದನು ಎಂಬಂತಹವು ಅಲ್ಲಿಯ ಭಾಷೆಗೆ ಒಗ್ಗುವುದಿಲ್ಲ. ಮುಖ್ಯವಾಗಿ ಸ್ತ್ರೀಯರ ದನಿ ಕ್ಷೀಣವಾಗಿದೆ. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಪ್ರಕಟವಾದ 1990ರ ದಶಕದಲ್ಲಿ ದಲಿತ ಆತ್ಮಕಥನವು ತನ್ನ ನೋವನ್ನು ನಗೆಯ ಮೂಲಕ, ಸಣ್ಣ ಪ್ರಸಂಗದ ಮೂಲಕ ಹೇಳುವ ಬಗೆಯನ್ನು ಕಂಡುಕೊಂಡಿತು. ‘ತಮಿಳನ್’ ಕಾಲಕ್ಕೆ ಆ ಸಲಿಗೆ ಇನ್ನೂ ದೊರೆತಿರಲಿಲ್ಲ. ತನ್ನನ್ನು ನೋಡಿ ತಾನೇ ನಗಬೇಕಾದರೆ ಮನುಷ್ಯನಿಗೆ ಸ್ವಲ್ಪಮಟ್ಟಿನ ಭದ್ರತೆ ಬೇಕು; ತನ್ನ ಮಾನವನ್ನು ಮೊದಲು ಸಾಬೀತುಪಡಿಸಬೇಕಾದವನು ನಗಲಾರ.

ಸಲಿಗೆಯ ಬರಹ ಕೆ.ಜಿ.ಎಫ್.ನಲ್ಲಿ ಇಲ್ಲದೆ ಇಲ್ಲ. ಅದು ಬೇರೆ ಓಣಿಯಿಂದ, ಇಂಗ್ಲಿಷಿನಲ್ಲಿ ಬಂದಿತು. ಗಣಿ ಪ್ರದೇಶವನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆಯುತ್ತಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳು ಸ್ವಾತಂತ್ರ್ಯಾನಂತರ ಆಸ್ಟ್ರೇಲಿಯ, ಇಂಗ್ಲೆಂಡ್, ಕೆನಡಗಳಿಗೆ ಚದುರಿದವು. ಉಳಿದವರಲ್ಲಿ ಅನೇಕರು ಬೆಂಗಳೂರಿಗೆ ಬಂದರು. ಈ ಸಮುದಾಯದ ಸ್ಮೃತಿಗಳಲ್ಲಿ ಬ್ರಿಜೆಟ್ ವೈಟ್-ಕುಮಾರ್ ಅವರ ಬರಹಗಳು ಹೆಚ್ಚು ಪರಿಚಿತ. ಕೋಲಾರದ ಚಿನ್ನದ ಗಣಿಯ ಬಾಲ್ಯವನ್ನು ಕುರಿತ ನೆನಪಿನ ಪುಸ್ತಕದ ಜೊತೆಗೆ ಅವರು ಆಂಗ್ಲೋ-ಇಂಡಿಯನ್ ಅಡುಗೆಯನ್ನು ಕುರಿತ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ಅಡುಗೆಯ ವಿವರವನ್ನು ಸಾಹಿತ್ಯವಿಮರ್ಶೆಯ ಒಳಗೆ ತರುವುದಕ್ಕೆ ಹಿಂಜರಿಯುವವರಿರಬಹುದು. ಆದರೆ ಊರು ಬಿಟ್ಟು ಹೋದವರ ನಡುವೆ ಹಂಚಿಕೆಯಾಗಬಲ್ಲ ಆಸ್ತಿ ಎಂದರೆ ಅದೊಂದೇ. ಪದಾರ್ಥಗಳ ಅಳತೆ, ಒಲೆಯ ಮೇಲಿಡಬೇಕಾದ ಹೊತ್ತು, ಕ್ರಿಸ್‌ಮಸ್‌ಗೆ ಎಷ್ಟು ದಿನ ಮೊದಲು ಏನನ್ನು ಮಾಡಿಡಬೇಕು ಎಂಬ ವಿವರ ಇವುಗಳನ್ನು ಓದಿದ ದೂರದೇಶದ ಓದುಗಳು ತನ್ನ ಅಡುಗೆಮನೆಯಲ್ಲಿ ಅದನ್ನು ಮಾಡಿ ನೋಡುತ್ತಾಳೆ, ತನ್ನ ತಾಯಿ ಬೇರೆ ರೀತಿ ಮಾಡುತ್ತಿದ್ದಳು ಎಂದು ಮರುನುಡಿಯುತ್ತಾಳೆ. ಗುರುವಿನ ಉತ್ತರದಲ್ಲಿ ಇಲ್ಲದ ಮರುಮಾತು ಇಲ್ಲಿ ಹುಟ್ಟುತ್ತದೆ. ಅಂತರ್ಜಾಲ ಬಂದ ಮೇಲೆ ಇಂತಹ ಮಾತುಕತೆಗೆ ಅಂಚೆಯ ವಿಳಂಬವೂ ಇಲ್ಲವಾಯಿತು.

ಈ ಬಗೆಯ ಸ್ಮೃತಿಸಾಹಿತ್ಯಕ್ಕೆ ಅದರದೇ ಕುರುಡು ಇದೆ. ಕ್ಲಬ್ಬು, ನೃತ್ಯ, ಬಂಗಲೆಯ ತೋಟ, ಶಾಲೆಯ ಗಂಟೆ ಇವುಗಳ ಚಿತ್ರ ನಿಚ್ಚಳವಾಗಿರುವಷ್ಟು ಅದೇ ಬಂಗಲೆಯ ಹಿತ್ತಿಲ ಬಾಗಿಲಿನಿಂದ ಬಂದುಹೋಗುತ್ತಿದ್ದವರ ಚಿತ್ರ ನಿಚ್ಚಳವಾಗಿರುವುದಿಲ್ಲ. ಅವರು ಪ್ರೀತಿಯ ನೆನಪಿನಲ್ಲಿ ಬರುತ್ತಾರೆ, ಆದರೆ ತಮ್ಮ ಸ್ವಂತ ಮಾತಿನೊಂದಿಗೆ ಬರುವುದು ಕಡಮೆ. ಒಂದು ದೃಷ್ಟಿಯಲ್ಲಿ ‘ತಮಿಳನ್’ ಮತ್ತು ಈ ನೆನಪುಗಳು ಒಂದೇ ಬೀದಿಯ ಎರಡು ಬದಿಗಳು. ಒಂದು ಬದಿಯಲ್ಲಿ ಮಾನವಿದೆ, ಸಲಿಗೆಯಿಲ್ಲ. ಇನ್ನೊಂದು ಬದಿಯಲ್ಲಿ ಸಲಿಗೆಯಿದೆ, ಬೀದಿಯ ಆಚೆಯವರ ಮಾನದ ಅರಿವು ಮಸುಕು. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಗಣಿಯ ಬದುಕಿನ ಒಳಮೈ ಸ್ವಲ್ಪವಾದರೂ ಕಾಣುತ್ತದೆ. ಒಂದು ತಮಿಳು ವಿಭಾಗದ ವಿಷಯ, ಇನ್ನೊಂದು ಇಂಗ್ಲಿಷ್ ವಿಭಾಗದ ವಿಷಯ ಎಂಬ ವಿದ್ಯಾಲಯಗಳ ಹಂಚಿಕೆಯಿಂದಾಗಿ ಹಾಗೆ ಓದುವ ಸಂದರ್ಭವೇ ಒದಗಿಲ್ಲ.

ಕನ್ನಡದ ಪಾಲು ಇಲ್ಲಿ ಏನು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಗಣಿ ಪ್ರದೇಶದ ಭಾಷಾ ಪ್ರಶ್ನೆಯನ್ನು ಆಡಳಿತದ, ಶಾಲಾಮಾಧ್ಯಮದ, ಫಲಕಗಳ ಪ್ರಶ್ನೆಯಾಗಿ ಮಾತ್ರ ಚರ್ಚಿಸುವುದು ರೂಢಿಯಾಗಿದೆ. ಕನ್ನಡವು ಅಲ್ಲಿ ಕಚೇರಿಯ ಭಾಷೆಯಾಗಿ ಬಂದುದರಿಂದ ಆಪ್ತತೆಯ ಭಾಷೆಯಾಗಲು ತಡವಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಬಂಗಾರಪೇಟೆಯ ಸ್ಥಿತಿ ಇದಕ್ಕಿಂತ ಭಿನ್ನ. ಅಲ್ಲಿಯ ಪೇಟೆಬೀದಿಯಲ್ಲಿ, ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದುಗಳು ಒಂದರೊಳಗೊಂದು ಬೆರೆತಿವೆ. ಒಂದೇ ವಾಕ್ಯದಲ್ಲಿ ಮೂರು ಭಾಷೆಗಳ ಪ್ರತ್ಯಯಗಳು ಬರುವುದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಕೋಲಾರದ ಈ ಬೆರಕೆಯ ಮಾತಿಗೆ ಸಾಹಿತ್ಯದ ಘನತೆ ತಂದುಕೊಟ್ಟವರಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಪ್ರಮುಖರು. ಕೋಲಾರದ ಸಮೀಪದ ತೇರಹಳ್ಳಿ ಬೆಟ್ಟದ ಮೇಲಿನ ‘ಆದಿಮ’ ಸಾಂಸ್ಕೃತಿಕ ಕೇಂದ್ರದ ಸ್ಥಾಪಕರಲ್ಲಿ ಒಬ್ಬರಾದ ಅವರ ಕಾವ್ಯ ಮತ್ತು ನಾಟಕಗಳಲ್ಲಿ ಗಡಿಯ ಭಾಷೆಯು ಪಾತ್ರಗಳ ಬಾಯಿಯ ಬಣ್ಣವಾಗಿ ಮಾತ್ರ ಬಂದಿಲ್ಲ, ಆಲೋಚನೆಯ ಸಾಧನವಾಗಿ ಬಂದಿದೆ. ಗಣಿಯ ಆಪ್ತ ಬರಹವು ಮುಂದೆ ಕನ್ನಡಕ್ಕೆ ಬರುವುದಾದರೆ ಅದು ಪಠ್ಯಪುಸ್ತಕದ ಕನ್ನಡದಲ್ಲಿ ಬರಲಾರದು. ಬಂಗಾರಪೇಟೆಯ ಪ್ಲಾಟ್‌ಫಾರಂನ ಕನ್ನಡದಲ್ಲಿ ಬರಬೇಕು.

ಪ್ಲಾಟ್‌ಫಾರಂ ಎಂಬುದು ರೂಪಕಕ್ಕಾಗಿ ಬಂದ ಮಾತಲ್ಲ. 2001ರ ತರುವಾಯ ಗಣಿಯ ಮಕ್ಕಳು ಮೊಮ್ಮಕ್ಕಳಲ್ಲಿ ಸಾವಿರಾರು ಜನ ಬೆಳಗಿನ ಜಾವ ಮಾರಿಕುಪ್ಪಂ, ಚಾಂಪಿಯನ್, ಊರುಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು, ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುವ ಬದುಕನ್ನು ಕಟ್ಟಿಕೊಂಡರು. ಮನೆಯಲ್ಲಿ ಕಳೆಯುವ ಎಚ್ಚರದ ಹೊತ್ತಿಗಿಂತ ಡಬ್ಬಿಯಲ್ಲಿ ಸಹಪ್ರಯಾಣಿಕರ ಜೊತೆ ಕಳೆಯುವ ಹೊತ್ತು ಇವರಲ್ಲಿ ಅನೇಕರಿಗೆ ಹೆಚ್ಚು. 2018 ಮತ್ತು 2022ರಲ್ಲಿ ತೆರೆಕಂಡ ಪ್ರಶಾಂತ್ ನೀಲ್ ಅವರ ಎರಡು ಕನ್ನಡ ಚಿತ್ರಗಳಿಂದ ಕೆ.ಜಿ.ಎಫ್. ಎಂಬ ಮೂರು ಅಕ್ಷರ ದೇಶಾದ್ಯಂತ ಜನರ ಬಾಯಿಗೆ ಬಂತು, 2024ರಲ್ಲಿ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಗಣಿಯ ಆದಿಕಾಲವನ್ನು ದಲಿತ ದೃಷ್ಟಿಯಿಂದ ಕಲ್ಪಿಸಿಕೊಂಡಿತು. ಮೊದಲನೆಯವುಗಳಲ್ಲಿ ಗಣಿ ಒಬ್ಬ ವೀರನ ರಂಗಸ್ಥಳ. ಎರಡನೆಯದರಲ್ಲಿ ಒಂದು ಪುರಾಣ. ರೈಲುಡಬ್ಬಿಯಲ್ಲಿ ತೂಕಡಿಸುವವನ ಕಥೆ ಎರಡಕ್ಕೂ ಬೇಕಾಗಿರಲಿಲ್ಲ. ಅದನ್ನು ಬರೆಯಬೇಕಾದವರು ಅವನೇ ಅಥವಾ ಅವನ ಪಕ್ಕದಲ್ಲಿ ಕುಳಿತವಳೇ.

ಅಯೋತಿದಾಸರ ಬರಹಗಳನ್ನು ‘ತಮಿಳನ್’ ಪುಟಗಳಿಂದ ಆಯ್ದು ಅಲೋಷಿಯಸ್ ಅವರು 1999ರಲ್ಲಿ ಸಂಪುಟಗಳಾಗಿ ಹೊರತಂದ ಮೇಲೆ ತಮಿಳಿನಲ್ಲಿ ಈ ಚಿಂತಕನ ಪುನರ್ಮೌಲ್ಯೀಕರಣ ನಡೆಯಿತು. ಅಲ್ಲಿಯೂ ಆದ್ಯತೆ ದೊರೆತುದು ಇತಿಹಾಸ, ಧರ್ಮ, ರಾಜಕೀಯಗಳ ಲೇಖನಗಳಿಗೆ. ಕನ್ನಡಕ್ಕೆ ಅನುವಾದದ ಕೆಲಸವನ್ನು ಕೈಗೊಳ್ಳುವವರು ಇದೇ ಕ್ರಮವನ್ನು ಅನುಸರಿಸಬೇಕಾಗಿಲ್ಲ. ಇಲ್ಲಿಯ ಗಣಿಪ್ರದೇಶದಿಂದ ಹೊರಟ ಸಂಚಿಕೆಗಳ ಕಡೆಯ ಪುಟಗಳಿಂದ, ಸಭೆಯ ವರದಿ, ಮದುವೆಯ ಸುದ್ದಿ, ಸಾವಿನ ಸುದ್ದಿಗಳಿಂದ ಆ ಕೆಲಸ ಆರಂಭವಾಗುವುದು ಉಚಿತ. ಅವುಗಳ ಪಕ್ಕದಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಉಳಿದಿರಬಹುದಾದ ಕಾಗದ, ಮದುವೆಯ ಕರೆಯೋಲೆ, ಮನಿಯಾರ್ಡರಿನ ತುಣುಕಿನಲ್ಲಿ ಬರೆದ ಎರಡು ಸಾಲುಗಳಿಗೂ ಜಾಗವಿರಬೇಕು. ಗಣಿ ಮುಚ್ಚಿದಂದಿನಿಂದ ಕ್ವಾರ್ಟರ್ಸುಗಳ ಒಡೆತನದ ಪ್ರಶ್ನೆ ಅನಿಶ್ಚಿತವಾಗಿಯೇ ಸಾಗಿಬಂದಿರುವುದರಿಂದ ಈ ಟ್ರಂಕುಗಳು ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬೆಂಗಳೂರಿನ ಬಾಡಿಗೆ ಕೋಣೆಗೆ ಸಾಗುತ್ತಿವೆ. ಪ್ರತಿ ಸಾಗಾಟದಲ್ಲಿಯೂ ಮೊದಲು ಹಗುರಾಗುವುದು ಕಾಗದ.